ಹೆಸರು ಬೇಡ, ಊರೂ ಬೇಡ

ಪತ್ರಿಕೆಯ ಪ್ರಶ್ನೋತ್ತರ, ರೇಡಿಯೊ, ಆಮೇಲೆ ಟಿವಿಯ ಫೋನ್-ಇನ್. ದಾರಿ ಯಾವುದಾದರೂ ಕನ್ನಡಿಗರು ಮನಸ್ಸಿನ ನೋವು ತೋಡಿಕೊಂಡದ್ದು ಡಾಕ್ಟರುಗಳ ಮುಂದೆ. ಆ ಸಾಲಿನಲ್ಲಿ ಎದ್ದು ಕಾಣುವ ಹೆಸರು ಡಾ. ಸಿ.ಆರ್. ಚಂದ್ರಶೇಖರ್. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದ ನೆಪದಲ್ಲಿ, ಇಡಗುಂದಿಯ ಜಗುಲಿಯಲ್ಲಿ ಕೂತು ಆ ಬದುಕಿನತ್ತ ಒಂದು ನೋಟ.

"ಹಲೋ... ಸರ್, ಕೇಳಿಸ್ತಾ ಇದೆಯಾ?"

"ಕೇಳಿಸ್ತಾ ಇದೆ. ಮೊದಲು ನಿಮ್ಮ ಟಿವಿ ವಾಲ್ಯೂಮ್ ಕಡಿಮೆ ಮಾಡ್ಕೊಳ್ಳಿ."

ಹೊರಗೆ ಹಸ್ತದ ಮಳೆ. ಅಂಗಳದ ಮೂಲೆಯ ಡಿಶ್ ಮೇಲೆ ನೀರು ಹರಿದು ಚಿತ್ರ ಆಗಾಗ ಚೌಕಚೌಕವಾಗಿ ಒಡೆಯುತ್ತದೆ. ಗುಡುಗು ಹತ್ತಿರವಾದರೆ ಪ್ಲಗ್ ಕೀಳಬೇಕು. ಅಷ್ಟರಲ್ಲಿ ಕಾರ್ಯಕ್ರಮ ಮುಗಿದರೆ ಸಾಕು ಎಂಬ ಆತುರ ಜಗುಲಿಯಲ್ಲಿ ಕವಳ ಹಾಕುತ್ತ ಕೂತವರಿಗೆ.

ಫೋನ್ ಮಾಡಿದವರು ತಮ್ಮದು ಹುಬ್ಬಳ್ಳಿ ಎನ್ನುತ್ತಾರೆ. ಹೆಸರು ಕೇಳಿದರೆ "ಬೇಡ ಸರ್". ತೊಂದರೆ ತಮಗಲ್ಲ, ಸ್ನೇಹಿತರಿಗೆ. ಸ್ನೇಹಿತರಿಗೆ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ, ಊಟ ಸೇರುವುದಿಲ್ಲ, ತೋಟಕ್ಕೆ ಹೋಗಲು ಮನಸ್ಸಿಲ್ಲ. "ಯಾವಾಗ್ಲೂ ತಲೆ ಭಾರ ಇದ್ದು... ಇದೆ ಸರ್."

ಆ ಒಂದು 'ಇದ್ದು' ಸಾಕು. ಆಯಿ ಅಡಿಕೆಹೋಳು ಬಾಯಿಗೆ ಹಾಕುವುದನ್ನು ನಿಲ್ಲಿಸಿ ಹೇಳುತ್ತಾರೆ: "ನಮ್ಮ ಬದಿಯವ್ವೇ ಹೇಳಿ ಕಾಣ್ತು."

ಯಲ್ಲಾಪುರ, ಶಿರಸಿ, ಸಿದ್ದಾಪುರದ ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ಸಂಜೆಗಳು ಕಳೆದಿವೆ. ಎರಡೇ ನಿಮಿಷದಲ್ಲಿ ಡಾಕ್ಟರು ನಾಲ್ಕು ಪ್ರಶ್ನೆ ಕೇಳುತ್ತಾರೆ, ಇದು ಖಿನ್ನತೆ ಇರಬಹುದು ಎನ್ನುತ್ತಾರೆ, ಹತ್ತಿರದ ಮನೋವೈದ್ಯರನ್ನು ಕಾಣಿ ಎಂದು ಮುಂದಿನ ಕರೆಗೆ ಹೋಗುತ್ತಾರೆ. ಕೇಳಿದವರು ಒಬ್ಬರು. ಅದೇ ಹೊತ್ತಿನಲ್ಲಿ, ಅದೇ ತಲೆಭಾರ ಹೊತ್ತು, ಮನೆಮಂದಿಯ ನಡುವೆ ಮುಖದ ಮೇಲೆ ಏನೂ ತೋರಗೊಡದೆ ಕೂತು ಕೇಳಿಸಿಕೊಂಡವರು ಎಷ್ಟು ಮಂದಿಯೋ.

ಇಡಗುಂದಿ ಯಲ್ಲಾಪುರ ತಾಲ್ಲೂಕಿನ ಊರು. ಹೆದ್ದಾರಿ ಹಿಡಿದು ಅಂಕೋಲೆಯ ಕಡೆ ಹೊರಟರೆ ಅರಬೈಲ್ ಘಟ್ಟ ಇಳಿಯುವ ಮೊದಲು ಸಿಗುತ್ತದೆ. ಸುತ್ತ ಅಡಿಕೆ ತೋಟ, ಬೆಟ್ಟ, ಕಾಡು. ಹವ್ಯಕರ ಮನೆಗಳು, ಸಿದ್ದಿಯರ, ಕುಣಬಿಯರ, ಮರಾಠಿಗರ ಕೇರಿಗಳು. ಮನೆಯಿಂದ ಮನೆಗೆ ಕೂಗಿದರೆ ಕೇಳದಷ್ಟು ದೂರ. ಸುದ್ದಿಗೆ ಮಾತ್ರ ಆ ದೂರ ಲೆಕ್ಕಕ್ಕಿಲ್ಲ.

"ಹತ್ತಿರದ ಮನೋವೈದ್ಯ" ಎಂದರೆ ಇಲ್ಲಿ ಯಾರು? ಒಂದು ಕಾಲಕ್ಕೆ ಉತ್ತರ ಧಾರವಾಡ ಒಂದೇ. "ಅವನನ್ನು ಧಾರವಾಡಕ್ಕೆ ಕಳಿಸಬೇಕು" ಎಂದರೆ ಏನು ಹೇಳುತ್ತಿದ್ದಾರೆಂದು ಉತ್ತರ ಕರ್ನಾಟಕದಲ್ಲಿ ಮಕ್ಕಳಿಗೂ ಗೊತ್ತಿತ್ತು. ಊರಿಗೆ ವಿಶ್ವವಿದ್ಯಾಲಯವಿದೆ, ಪೇಡೆಯಿದೆ, ಸಂಗೀತವಿದೆ. ಬೈಗುಳದಲ್ಲಿ ಉಳಿದದ್ದು ಹುಚ್ಚರ ಆಸ್ಪತ್ರೆ. ಹೀಗಿರುವಾಗ ನಿದ್ರೆ ಬಾರದ ಒಬ್ಬ ಸಾಮಾನ್ಯ ಮನುಷ್ಯ ಧಾರವಾಡದ ಬಸ್ಸು ಹತ್ತುವುದುಂಟೇ? ಅವನು ಹತ್ತು ಪೈಸೆಯ, ಹದಿನೈದು ಪೈಸೆಯ ಕಾರ್ಡು ಬರೆದ. ಕಾರ್ಡನ್ನು ಅಂಚೆಯವನೂ ಓದುತ್ತಾನೆಂಬ ಭಯ ಹುಟ್ಟಿದಾಗ ಇನ್‌ಲ್ಯಾಂಡ್ ಪತ್ರಕ್ಕೆ ಬಡ್ತಿ ಹೊಂದಿದ.

ಪತ್ರಗಳು ಹೋದದ್ದು ಬೆಂಗಳೂರಿಗೆ.

ಚನ್ನಪಟ್ಟಣದ ಮೇಷ್ಟ್ರು

ಡಾ. ಸಿ.ಆರ್. ಚಂದ್ರಶೇಖರ್ ಹುಟ್ಟಿದ್ದು 1948ರ ಡಿಸೆಂಬರ್ 12ರಂದು. ಊರು ಬೊಂಬೆಗಳ ಚನ್ನಪಟ್ಟಣ. ಇನಿಷಿಯಲ್‌ನ 'ಸಿ' ಆ ಊರು, 'ಆರ್' ತಂದೆ ರಾಜಣ್ಣಾಚಾರ್. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಓದಿ, ನಿಮ್ಹಾನ್ಸ್‌ನಲ್ಲಿ ಮನೋವೈದ್ಯಶಾಸ್ತ್ರ ಕಲಿತು, ಅಲ್ಲೇ ಅಧ್ಯಾಪಕರಾಗಿ, ಪ್ರಾಧ್ಯಾಪಕರಾದರು. ಕನ್ನಡದಲ್ಲಿ ಅವರು ಬರೆದ ಪುಸ್ತಕಗಳು ಇನ್ನೂರಕ್ಕೂ ಮೇಲೆ. ಬಹುಪಾಲು ಚಿಕ್ಕವು, ಬಸ್ ನಿಲ್ದಾಣದಲ್ಲಿ ಕೊಂಡು ಊರು ಮುಟ್ಟುವುದರೊಳಗೆ ಓದಿ ಮುಗಿಸುವಂಥವು. ಪತ್ರಿಕೆಯ ಅಂಕಣ, ಆಕಾಶವಾಣಿಯ ಭಾಷಣ, ಟಿವಿಯ ಮಾತುಕತೆ ಬೇರೆ. 2024ರ ಗಣರಾಜ್ಯೋತ್ಸವದ ಮುನ್ನಾದಿನ ಪದ್ಮಶ್ರೀ ಪಟ್ಟಿಯಲ್ಲಿ ಅವರ ಪೂರ್ಣ ಹೆಸರು ಬಂದಾಗ ಎಷ್ಟೋ ಓದುಗರಿಗೆ ತಕ್ಷಣ ಗುರುತು ಹತ್ತಲಿಲ್ಲ. ಓದುಗರ ಪಾಲಿಗೆ ಅವರು ಬರೀ ಸಿ.ಆರ್.ಸಿ.

ಇಷ್ಟನ್ನೇ ಓದಿದರೆ, ಟಿವಿಗೆ ಒಗ್ಗಿದ ಜನಪ್ರಿಯ ಡಾಕ್ಟರೊಬ್ಬರ ಚಿತ್ರ ಕಣ್ಣಿಗೆ ಬರುತ್ತದೆ. ಆದರೆ ಕ್ಯಾಮೆರಾದ ಮುಂದಿನ ಆ ಮಾತಿನ ಬೇರು ಸ್ಟುಡಿಯೊದಲ್ಲಿಲ್ಲ. ಅದು ಆನೇಕಲ್ ತಾಲ್ಲೂಕಿನ ಸಕಲವಾರ ಎಂಬ ಹಳ್ಳಿಯಲ್ಲಿದೆ.

1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಾಗ ಅಲ್ಲಿಯ ಕೆಲವು ಮನೋವೈದ್ಯರನ್ನು ಒಂದು ಲೆಕ್ಕ ಕಾಡುತ್ತಿತ್ತು. ದೇಶದ ಜನ ಇರುವುದು ಹಳ್ಳಿಗಳಲ್ಲಿ. ಮನೋವೈದ್ಯರು ಬೆರಳೆಣಿಕೆಯಷ್ಟು, ಅವರಿರುವುದು ಪಟ್ಟಣಗಳಲ್ಲಿ. ಇನ್ನು ಐವತ್ತು ವರ್ಷ ತರಬೇತಿ ಕೊಟ್ಟರೂ ಪ್ರತಿ ತಾಲ್ಲೂಕಿಗೆ ಒಬ್ಬರು ಸಿಗುವುದಿಲ್ಲ. ಹಾಗಾದರೆ ಡಾಕ್ಟರಲ್ಲದವರಿಗೇ ಈ ವಿದ್ಯೆಯ ಮೊದಲ ಪಾಠಗಳನ್ನು ಕಲಿಸಬಾರದೇಕೆ?

ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ಶುರುವಾಯಿತು. ಮನೆಮನೆಗೆ ಹೋಗಿ ಮಲೇರಿಯಾ ವಿಚಾರಿಸುವ ಆರೋಗ್ಯ ಕಾರ್ಯಕರ್ತರಿಗೆ ಮೂರ್ಛೆರೋಗ, ತೀವ್ರ ಮನೋರೋಗ, ಖಿನ್ನತೆಯನ್ನು ಗುರುತಿಸಲು ಕಲಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕೆಲವೇ ಮಾತ್ರೆಗಳ ಬಳಕೆ ಹೇಳಿಕೊಟ್ಟರು. ಆರ್.ಎಲ್. ಕಪೂರ್, ಮೋಹನ್ ಐಸಾಕ್, ಆರ್. ಪಾರ್ಥಸಾರಥಿ ಜೊತೆ ಚಂದ್ರಶೇಖರ್ 1981ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯವೇ ಅದು: ಸಮುದಾಯದ ನಡುವೆಯೇ ಆದ್ಯತೆಯ ಮನೋರೋಗಗಳಿಗೆ ಚಿಕಿತ್ಸೆ. ಮುಂದೆ 1985ರಿಂದ ಇದೇ ಪ್ರಯೋಗವನ್ನು ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಎತ್ತಿಕೊಂಡದ್ದು ಬಳ್ಳಾರಿಯ ಮಾದರಿಯನ್ನೇ.

ಇದೇ ಲೆಕ್ಕದ ಮುಂದುವರಿಕೆಯಾಗಿ ಅಂಕಣವನ್ನು ನೋಡಿ. ಆರೋಗ್ಯ ಕಾರ್ಯಕರ್ತೆ ಒಂದು ದಿನಕ್ಕೆ ಹತ್ತಿಪ್ಪತ್ತು ಮನೆ ಮುಟ್ಟಿಯಾಳು. ವಾರಪತ್ರಿಕೆ ಸಾವಿರಾರು ಮನೆ ಮುಟ್ಟುತ್ತದೆ, ಟಿವಿ ಇನ್ನೂ ಹೆಚ್ಚು. ಬಳ್ಳಾರಿಯಲ್ಲಿ ಮಾಡಿದ್ದನ್ನೇ ಅಕ್ಷರದಲ್ಲಿ, ಪರದೆಯಲ್ಲಿ ಮಾಡಿದರೆ ಅದೂ ಸಾರ್ವಜನಿಕ ಆರೋಗ್ಯದ ಕೆಲಸವೇ. ಸಿ.ಆರ್.ಸಿ. ಬರಹಗಳಲ್ಲಿ ಅದದೇ ಮಾತು ಮತ್ತೆ ಮತ್ತೆ ಬರುತ್ತದೆ ಎಂದು ಮೂಗು ಮುರಿಯುವ ವಿಮರ್ಶಕರಿದ್ದಾರೆ. ಲಸಿಕೆ ಹಾಕುವವರು ಪ್ರತಿ ಮಗುವಿಗೂ ಹೊಸ ಮದ್ದು ತರುತ್ತಾರೆಯೇ?

▌ಚೌಕಟ್ಟು: ಡಾಕ್ಟರುಗಳ ಸಾಲು

ರಾಶಿ: ಡಾ. ಎಂ. ಶಿವರಾಂ. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ತಂದವರು. ಅವರ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಮನೋವೈದ್ಯದ ಪುಸ್ತಕವೊಂದಕ್ಕೆ ಸಾಹಿತ್ಯದ ಮನ್ನಣೆ ಸಿಕ್ಕಿದ್ದು ಕನ್ನಡದ ಹೆಚ್ಚುಗಾರಿಕೆ.

ಅನುಪಮಾ ನಿರಂಜನ (1934–1991): ತೀರ್ಥಹಳ್ಳಿಯಲ್ಲಿ ಹುಟ್ಟಿದ ವೆಂಕಟಲಕ್ಷ್ಮಿ. ಧಾರವಾಡದಲ್ಲೂ ಬೆಂಗಳೂರಿನಲ್ಲೂ ವೈದ್ಯವೃತ್ತಿ. 'ತಾಯಿ-ಮಗು', 'ದಾಂಪತ್ಯ ದೀಪಿಕೆ', 'ವಧುವಿಗೆ ಕಿವಿಮಾತು', 'ಕೇಳು ಕಿಶೋರಿ' ಇವರವು.

ಪದ್ಮಿನಿ ಪ್ರಸಾದ್: ಸ್ತ್ರೀರೋಗ ತಜ್ಞೆ. ಲೈಂಗಿಕ ಸಮಸ್ಯೆಗಳ ಬಗ್ಗೆ ಕನ್ನಡದಲ್ಲಿ ಬರೆದು, ಮಾತನಾಡಿ ಹೆಸರಾದವರು.

ನಾ. ಸೋಮೇಶ್ವರ: ಇವರೂ ಡಾಕ್ಟರೇ. ಆದರೆ 2002ರಿಂದ ಚಂದನ ವಾಹಿನಿಯ 'ಥಟ್ ಅಂತ ಹೇಳಿ'ಯಲ್ಲಿ ಪ್ರಶ್ನೆ ಕೇಳುವ ಸರದಿ ಇವರದು!

ಇಂಗ್ಲೆಂಡ್, ಅಮೆರಿಕದಲ್ಲಿ ಈ ಕುರ್ಚಿಯಲ್ಲಿ ಕೂತದ್ದು ಬಹುತೇಕ 'ಅತ್ತೆ'ಯರು. ಲೋಕಾನುಭವವುಳ್ಳ, ಮಾತು ಬಲ್ಲ ಪತ್ರಕರ್ತೆಯರು. ನಮ್ಮಲ್ಲಿ ಡಾಕ್ಟರೇ ಆಗಬೇಕಾಯಿತು. ಯಾಕೆ? ಸಲಹೆ ಕೊಡುವ ಅತ್ತೆ, ದೊಡ್ಡಮ್ಮ, ಸೋದರಮಾವ ಪ್ರತಿ ಮನೆಯಲ್ಲೂ ಬೇಕಾದ್ದಕ್ಕಿಂತ ಹೆಚ್ಚಿದ್ದರು. ಕೊರತೆಯಿದ್ದದ್ದು ನಾಚಿಕೆ ಬಿಟ್ಟು ಮಾತಾಡಬಹುದಾದ, ತಿರುಗಿ ಊರಲ್ಲಿ ಹೇಳದ ಒಬ್ಬ ಮೂರನೆಯವರಿಗೆ. ಡಾಕ್ಟರ ಎದುರು ಅಂಗಿ ತೆಗೆಯಬಹುದಾದರೆ ಮನಸ್ಸನ್ನೂ ಬಿಚ್ಚಬಹುದು.

ಹಾಗೆಂದು ನೇರ ಬಿಚ್ಚಿದವರು ಕಡಿಮೆ. ಇಂಥ ಪತ್ರಗಳು ತಲೆನೋವಿನಿಂದ ಶುರುವಾಗುತ್ತವೆ. ಎದೆ ಢವಢವ, ಹೊಟ್ಟೆ ಉರಿ, ನರದೌರ್ಬಲ್ಯ, ಯುವಕರಾದರೆ ಧಾತುನಷ್ಟದ ಹೆದರಿಕೆ. ಎರಡನೇ ಪುಟದ ಕೊನೆಯಲ್ಲಿ, ಸಹಿ ಹಾಕುವ ಮುನ್ನ, ಗಂಡ ಕುಡಿಯುತ್ತಾನೆ ಎಂಬ ಸಾಲು ಬರುತ್ತದೆ. ಅಥವಾ ಎರಡನೆಯದೂ ಹೆಣ್ಣಾಯಿತು ಎಂಬುದು. ಅಂಕಣಕಾರರ ಕಸುಬು ಇರುವುದೇ ಇಲ್ಲಿ: ಪತ್ರವನ್ನು ಕೆಳಗಿನಿಂದ ಮೇಲಕ್ಕೆ ಓದುವುದರಲ್ಲಿ.

ಹೆಣ್ಣುಮಕ್ಕಳ ಮಟ್ಟಿಗೆ ಈ ಕೆಲಸ ಮೊದಲು ಮಾಡಿದವರು ಅನುಪಮಾ. 'ವಧುವಿಗೆ ಕಿವಿಮಾತು' ಮದುವೆ ಉಡುಗೊರೆಯಾಗಿ ಕೈಯಿಂದ ಕೈಗೆ ಹೋದ ಪುಸ್ತಕ. ತಾಯಿ ಮಗಳಿಗೆ ಬಾಯಿಬಿಟ್ಟು ಹೇಳಲಾರದ್ದನ್ನು ಪುಸ್ತಕ ಕೊಟ್ಟು ಹೇಳಿದಳು. ಮನೋರೋಗದ ವಿಚಾರದಲ್ಲಿ ದಾರಿ ಮಾಡಿಕೊಟ್ಟದ್ದು ಕಾದಂಬರಿಕಾರ್ತಿ ತ್ರಿವೇಣಿ. ಅವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದರು. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯೂ ನೆರೆಯೂ ಸೇರಿ ಮತ್ತೆ ಹುಚ್ಚಿಗೆ ದೂಡುವುದನ್ನು ಕಂಡು ಜನ ಥಿಯೇಟರಿನಲ್ಲಿ ಅತ್ತರು. ಅತ್ತವರು ಊರಿಗೆ ಮರಳಿ ತಮ್ಮ ಪಕ್ಕದ ಮನೆಯ ಕಾವೇರಿಯನ್ನು ಹೇಗೆ ನೋಡಿಕೊಂಡರು ಎಂಬುದು ಬೇರೆ ಪ್ರಶ್ನೆ.

ಎದುರಾಳಿ ಯಾರು?

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರಿನಲ್ಲಿ. ಘಟ್ಟದ ಮನೆಗಳಿಗೆ ಚಿತ್ರ ಸರಿಯಾಗಿ ಕಾಣತೊಡಗಿದ್ದು ಅದಾದ ಎಷ್ಟೋ ವರ್ಷಕ್ಕೆ. ಅಲ್ಲಿಯವರೆಗೆ ಇಲ್ಲಿಯವರ ಕಿವಿ ಧಾರವಾಡ ಆಕಾಶವಾಣಿಯ ಕಡೆಗಿತ್ತು. ಆಂಟೆನಾವನ್ನು ಗುಡ್ಡದ ತಲೆಗೆ ಕಟ್ಟಿ, ಒಬ್ಬ ತಿರುಗಿಸುತ್ತ ಇನ್ನೊಬ್ಬ "ಬಂತು, ಬಂತು, ಹೋತು" ಎಂದು ಕೂಗುವ ಕಾಲ ಮುಗಿದು ಡಿಶ್ ಬಂತು. ಡಿಶ್ ಜೊತೆ ಖಾಸಗಿ ವಾಹಿನಿಗಳು ಬಂದವು. ಅವುಗಳ ಜೊತೆ ಜ್ಯೋತಿಷಿಗಳು ಬಂದರು.

ಟಿವಿಯಲ್ಲಿ ಮನೋವೈದ್ಯರ ನಿಜವಾದ ಎದುರಾಳಿ ಇನ್ನೊಬ್ಬ ಮನೋವೈದ್ಯನಲ್ಲ, ಬೆಳಗಿನ ಜ್ಯೋತಿಷಿ. ಇಬ್ಬರದೂ ಅದೇ ಫೋನು, ಅದೇ ಸೋಫಾ, ಅದೇ "ವಾಲ್ಯೂಮ್ ಕಡಿಮೆ ಮಾಡಿ". ಕರೆ ಮಾಡುವವರೂ ಅವರೇ. ಮಗನಿಗೆ ಓದಿನಲ್ಲಿ ಮನಸ್ಸಿಲ್ಲ, ಸೊಸೆ ಮಂಕಾಗಿ ಕೂರುತ್ತಾಳೆ. ಒಬ್ಬರು ಹುಟ್ಟಿದ ತಾರೀಕು ಕೇಳುತ್ತಾರೆ, ಇನ್ನೊಬ್ಬರು ನಿದ್ರೆ ಎಷ್ಟು ಹೊತ್ತು ಎಂದು ಕೇಳುತ್ತಾರೆ.

ಈ ಪೈಪೋಟಿಯಲ್ಲಿ ಡಾಕ್ಟರಿಗೆ ಮೊದಲೇ ಸೋಲು. ಜ್ಯೋತಿಷಿ ಮುಂದಿನ ಅಮಾವಾಸ್ಯೆಗೆ ಸರಿಹೋಗುತ್ತದೆ ಎಂದು ದಿನ ಹೇಳಬಲ್ಲರು. ಡಾಕ್ಟರು ಹೇಳಬೇಕಾದ್ದು ಬೇರೆ: ಖಿನ್ನತೆಯ ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಬಾಯಿ ಒಣಗಬಹುದು, ತೂಕಡಿಕೆ ಬರಬಹುದು, ಚೇತರಿಸಿಕೊಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು, ನೀವಾಗಿ ನಿಲ್ಲಿಸಬಾರದು. ಇಷ್ಟು ಹೇಳುವಷ್ಟರಲ್ಲಿ ಜಾಹೀರಾತು ಬರುತ್ತದೆ. ಜೊತೆಗೆ ಜ್ಯೋತಿಷಿ ದೋಷವನ್ನು ಶನಿಯ ತಲೆಗೆ ಕಟ್ಟುತ್ತಾರೆ, ಮನೆಯಲ್ಲಿ ಯಾರಿಗೂ ನೋವಾಗುವುದಿಲ್ಲ. ಡಾಕ್ಟರು "ಮನೆಯಲ್ಲಿ ಏನಾದರೂ ಜಗಳ ಇದೆಯಾ?" ಎಂದು ಕೇಳಿಬಿಡುತ್ತಾರೆ.

ಆದರೂ ಮನೋವೈದ್ಯರು ಸ್ಟುಡಿಯೊಗೆ ಹೋಗುವುದನ್ನು ಬಿಡಬಾರದು ಎಂಬ ಪಕ್ಷ ನನ್ನದು. ಅವರು ಎದ್ದು ಹೋದರೆ ಆ ಸೋಫಾ ಖಾಲಿ ಉಳಿಯುವುದಿಲ್ಲ.

ಇಲ್ಲಿ ಸಿ.ಆರ್.ಸಿ.ಗೆ ಇನ್ನೊಂದು ಅನುಕೂಲವಿತ್ತು. ಮೈಮೇಲೆ ಬರುವುದರ ಬಗ್ಗೆ ಅವರು ಸಂಶೋಧನೆ ಮಾಡಿದ್ದರು. ಕರ್ನಾಟಕದಲ್ಲಿ ಒಬ್ಬರಿಂದೊಬ್ಬರಿಗೆ ಹಬ್ಬುವಂತೆ ಮೈಮೇಲೆ ಬಂದ ಪ್ರಸಂಗಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದರು. ಕರಾವಳಿಯ ಕೋಟ ಊರಿನಲ್ಲಿ ಕಾರ್‌ಸ್ಟೇರ್ಸ್ ಮತ್ತು ಕಪೂರ್ ಮಾಡಿದ ಅಧ್ಯಯನ 1976ರಲ್ಲೇ ಪುಸ್ತಕವಾಗಿ ಬಂದಿತ್ತು. ಮನೋವೈದ್ಯಶಾಸ್ತ್ರ ಕಂಡುಕೊಂಡದ್ದು ಸರಳ: ಮೈಮೇಲೆ ಬರುವವರಲ್ಲಿ ಹೆಂಗಸರು ಹೆಚ್ಚು. ಎಚ್ಚರದಲ್ಲಿ ಅತ್ತೆಗೆ, ಗಂಡನಿಗೆ ಎದುರಾಡಲಾಗದ್ದನ್ನು ದೇವರ ಹೆಸರಿನಲ್ಲಿ ಆಡಬಹುದು. ಆಗ ಕೈಮುಗಿದು ಕೇಳುತ್ತಾರೆ. ಚೌಡಿ, ಜಟಗ, ಮಾರಿಯರ ನಡುವೆ ಬದುಕುವ ನಮ್ಮ ಬದಿಯ ಜನಕ್ಕೆ ಇದನ್ನು ಗೇಲಿಯಿಲ್ಲದೆ ಹೇಳಬಲ್ಲ ಡಾಕ್ಟರು ಬೇಕಿತ್ತು.

▌ಚೌಕಟ್ಟು: ಹೊರಗಿನ ಲೋಕದಲ್ಲಿ

1691: ಲಂಡನ್ನಿನಲ್ಲಿ ಜಾನ್ ಡಂಟನ್ 'ಅಥೀನಿಯನ್ ಮರ್ಕ್ಯುರಿ' ಪತ್ರಿಕೆ ಶುರು ಮಾಡಿದ. ಹೆಸರು ಹೇಳದೆ ಕೇಳಿದ ಪ್ರಶ್ನೆಗಳಿಗೆ ಹೆಸರು ಹೇಳದವರ ಉತ್ತರ. ಸಲಹಾ ಅಂಕಣದ ಮೂಲಪುರುಷ ಈತ.

1955–56: ಅಮೆರಿಕದಲ್ಲಿ ಅವಳಿ ಸೋದರಿಯರು ಎದುರುಬದುರಾದರು. ಒಬ್ಬಾಕೆ 'ಆ್ಯನ್ ಲ್ಯಾಂಡರ್ಸ್', ಇನ್ನೊಬ್ಬಾಕೆ 'ಡಿಯರ್ ಆ್ಯಬಿ'. ಊರಿಗೆಲ್ಲ ಬುದ್ಧಿ ಹೇಳಿದ ಇಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟಿದ್ದರು.

1988: ಡೆನಿಸ್ ರಾಬರ್ಟ್‌ಸನ್ ಬ್ರಿಟನ್ನಿನ 'ದಿಸ್ ಮಾರ್ನಿಂಗ್' ಟಿವಿ ಕಾರ್ಯಕ್ರಮದಲ್ಲಿ ಸಲಹೆಗೆ ಕೂತರು. 2016ರಲ್ಲಿ ತೀರಿಕೊಳ್ಳುವವರೆಗೂ ಅದು ಅವರ ಜಾಗವಾಗಿತ್ತು.

2005: ಮುಂಬೈನ ಡಾ. ಮಹೀಂದರ್ ವಾತ್ಸ 'ಮುಂಬೈ ಮಿರರ್'ನಲ್ಲಿ ಲೈಂಗಿಕ ಸಲಹೆ ಶುರು ಮಾಡಿದಾಗ ವಯಸ್ಸು ಎಂಬತ್ತು ದಾಟಿತ್ತು. 2020ರಲ್ಲಿ ನಿಧನ.

ಮಾತ್ರೆ ಇಲ್ಲದ ಪ್ರಶ್ನೆ

ಈಗ ಘಟ್ಟದ ಮೇಲಿನಿಂದ ಬರಬಹುದಾದ ಪ್ರಶ್ನೆಯ ಮಾದರಿ ಹೀಗಿದೆ. ವಯಸ್ಸು ನಲವತ್ತರ ಹತ್ತಿರ. ಸ್ವಂತ ತೋಟ, ಜೀಪು, ಆರ್‌ಸಿಸಿ ಮನೆ. ಕುಡಿತವಿಲ್ಲ. ಜಾತಕ ತೋರಿಸದ ಊರಿಲ್ಲ. ಹುಡುಗಿ ಸಿಗುತ್ತಿಲ್ಲ. ಓದಿದ ಹುಡುಗಿಯರು ಬೆಂಗಳೂರು ಸೇರಿದ್ದಾರೆ. ತೋಟದ ಮನೆಗೆ ಬರಲು ಒಲ್ಲರು. ಆಯಿಗೆ ವಯಸ್ಸಾಯಿತು. ರಾತ್ರಿ ನಿದ್ರೆಯಿಲ್ಲ.

ಹವ್ಯಕ ಸಮಾಜದಲ್ಲಿ ಇದು ಒಬ್ಬಿಬ್ಬರ ಕತೆಯಲ್ಲ. ಹೊರರಾಜ್ಯಗಳ ಕಡೆ ವಧುಗಳನ್ನು ಹುಡುಕಲು ಹೊರಟದ್ದು ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಸುದ್ದಿ ಓದಿ ಹೊರಗಿನವರು ನಕ್ಕರು.

ಇಂಥವರಿಗೆ ಅಂಕಣಕಾರ ಏನು ಹೇಳಬೇಕು? ನಡಿಗೆ, ಪ್ರಾಣಾಯಾಮ, ಹವ್ಯಾಸ, ಗೆಳೆಯರೊಡನೆ ಮಾತು, ಅಗತ್ಯವಿದ್ದರೆ ಮಾತ್ರೆ. ಯಾವುದೂ ತಪ್ಪಲ್ಲ. ಆದರೆ ಸಮಾಜದ ಗಂಟೊಂದನ್ನು ಒಬ್ಬ ಮನುಷ್ಯನ ನರಕ್ಕೆ ಕಟ್ಟಿದಂತಾಗುತ್ತದೆ. ಡಾಕ್ಟರನ್ನೇ ಸಲಹೆಯ ಕುರ್ಚಿಯಲ್ಲಿ ಕೂರಿಸಿದ್ದಕ್ಕೆ ಕನ್ನಡ ತೆತ್ತ ಬೆಲೆ ಇದು: ಎಲ್ಲ ದುಃಖವೂ ಕಾಯಿಲೆಯಾಗಿ ಕಾಣತೊಡಗುತ್ತದೆ. ಕುಡುಕ ಗಂಡನ ಹೆಂಡತಿಗೆ ಬೇಕಾದ್ದು ನಿದ್ರೆಮಾತ್ರೆಯೋ ವಕೀಲರೋ? ಅನುಪಮಾ ಇದ್ದಿದ್ದರೆ ಎರಡನೆಯದನ್ನೂ ಹೇಳುತ್ತಿದ್ದರು ಎನಿಸುತ್ತದೆ. ಕಾದಂಬರಿಕಾರ್ತಿಯಾಗಿ ಅವರು ಬರೆದದ್ದು ಅದನ್ನೇ ತಾನೆ.

ಸಿ.ಆರ್.ಸಿ. ಇದಕ್ಕೆ ಹಿಡಿದ ದಾರಿ ಬೇರೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಅರೆಕೆರೆಯಲ್ಲಿ ಅವರು ಕಟ್ಟಿದ 'ಸಮಾಧಾನ' ಆಪ್ತಸಲಹಾ ಕೇಂದ್ರದಲ್ಲಿ ಸಲಹೆ ಉಚಿತ. ಡಾಕ್ಟರಲ್ಲದ ಸ್ವಯಂಸೇವಕರಿಗೆ ಆಪ್ತಸಲಹೆಯ ತರಬೇತಿಯೂ ಅಲ್ಲಿ ಸಿಗುತ್ತದೆ. ಸಕಲವಾರದಲ್ಲಿ ಆರೋಗ್ಯ ಕಾರ್ಯಕರ್ತೆ, ಅರೆಕೆರೆಯಲ್ಲಿ ನೆರೆಮನೆಯವರು. ಎರಡು ನಿಮಿಷದ ಟಿವಿ ಕರೆಯಲ್ಲಿ ಆಗದ ಒಂದು ಕೆಲಸ ಅಲ್ಲಿ ಆಗುತ್ತದೆ. ಗಡಿಯಾರ ನೋಡದೆ ಕೇಳುವುದು.

▌ಚೌಕಟ್ಟು: ಲೆಕ್ಕ, ಮತ್ತು ಒಂದು ನಂಬರು

10.6%: 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಚಿಕಿತ್ಸೆ ಬೇಕಾದ ಮಾನಸಿಕ ತೊಂದರೆಯುಳ್ಳ ವಯಸ್ಕರು. ಸಮೀಕ್ಷೆ ನಡೆಸಿದ್ದು ನಿಮ್ಹಾನ್ಸ್.

70ರಿಂದ 92%: ತೊಂದರೆಯಿದ್ದೂ ಚಿಕಿತ್ಸೆ ಸಿಗದವರು. ಕಾಯಿಲೆಗೆ ತಕ್ಕಂತೆ ಪ್ರಮಾಣ ಬದಲಾಗುತ್ತದೆ.

ಲಕ್ಷಕ್ಕೆ ಒಬ್ಬರೂ ಇಲ್ಲ: ದೇಶದಲ್ಲಿ ಮನೋವೈದ್ಯರ ಸರಾಸರಿ. ಯಲ್ಲಾಪುರ ತಾಲ್ಲೂಕಿನ ಜನಸಂಖ್ಯೆ 2011ರಲ್ಲಿ 80 ಸಾವಿರದೊಳಗಿತ್ತು. ಅಂದರೆ ತಾಲ್ಲೂಕಿನ ಪಾಲಿಗೆ ಪೂರ್ತಿ ಒಬ್ಬರೂ ಬರುವುದಿಲ್ಲ.

14416: 'ಟೆಲಿ ಮಾನಸ್' ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರು. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಟಿವಿಗೆ ಫೋನ್ ಹಚ್ಚಿ ಸಾಲು ಸಿಗದೆ ಕಾಯುತ್ತಿದ್ದವರಿಗೆ 14416 ದೊಡ್ಡ ಅನುಕೂಲ. ಊರು ಕೇಳಿಸಿಕೊಳ್ಳುವ ಭಯವಿಲ್ಲ, ವಾಲ್ಯೂಮ್ ಕಡಿಮೆ ಮಾಡುವ ಗೊಡವೆಯಿಲ್ಲ. ಬೇಕಿರುವುದು ನೆಟ್‌ವರ್ಕ್. ಘಟ್ಟದಲ್ಲಿ ಅದಕ್ಕಾಗಿ ಗುಡ್ಡ ಹತ್ತಬೇಕಾದ ಮನೆಗಳು ಇನ್ನೂ ಇವೆ. ಗುಡ್ಡದ ತುದಿಯಲ್ಲಿ ನಿಂತು ಮಾತಾಡುವವನನ್ನು ಊರೆಲ್ಲ ನೋಡುತ್ತದೆ.

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿತು. ಧಾರವಾಡದ ಬಸ್ಸು ಹತ್ತಬೇಕಿಲ್ಲ; ಡಾಕ್ಟರೇ ಹತ್ತಿರ ಬರಬೇಕು ಎಂಬುದು ಯೋಜನೆಯ ಆಶಯ. ಅಂಕಣ, ಟಿವಿಗಳ ನಿಜವಾದ ಉಪಯೋಗ ಕಾಣುವುದು ಅಲ್ಲಿ, ಹೊರರೋಗಿ ಚೀಟಿಯ ಸಾಲಿನಲ್ಲಿ. ಮೂವತ್ತು ವರ್ಷದ ಹಿಂದೆ ಹೀಗೆ ಬಂದವರು "ಎಂತದೋ ಆಗ್ತು" ಎಂದಷ್ಟೇ ಹೇಳಬಲ್ಲವರಾಗಿದ್ದರು. ಈಗ ಬರುವವರಿಗೆ ಏನು ಹೇಳಬೇಕೆಂದು ಗೊತ್ತು: ಮೂರು ಗಂಟೆಗೆ ಎಚ್ಚರ, ಊಟ ಸೇರದು, ಎರಡು ತಿಂಗಳಾಯಿತು, ಸಾಯುವ ಯೋಚನೆ ಒಮ್ಮೊಮ್ಮೆ. ಡಾಕ್ಟರು ಕೇಳುವ ಮೊದಲೇ ಉತ್ತರ ಸಿದ್ಧ.

ಮನೆಯಿಂದ ಹೊರಡುವಾಗ ಮಾತ್ರ ಇನ್ನೂ ಒಂದು ನೆಪ ಬೇಕು. ಬಸ್‌ಸ್ಟಾಪಿನಲ್ಲಿ ಯಾರಾದರೂ "ಎಲ್ಲಿಗೆ ಹೊರಟೆ?" ಎಂದು ಕೇಳಿಯೇ ಕೇಳುತ್ತಾರೆ. ಹಲ್ಲುನೋವು ಎಂದರೆ ಯಾರೂ ಮುಂದೆ ವಿಚಾರಿಸುವುದಿಲ್ಲ.